ನೋವಾದರೆ ಹೇಳಿ

ತಿಂಗಳಿಗೊಮ್ಮೆ ನಮ್ಮ ಆಸ್ಪತ್ರೆಯಲ್ಲಿ ಜೂನಿಯರ್ ಡಾಕ್ಟರುಗಳಿಗೆ ಮಾಕ್ ಪರೀಕ್ಷೆ ಇಡುತ್ತೇವೆ. ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರು ಇದು. ಶನಿವಾರ ಬೆಳಿಗ್ಗೆ ಹೊರರೋಗಿ ವಿಭಾಗ ಖಾಲಿ ಇರುತ್ತದೆ. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬ ರೋಗಿ, ಮೂಲೆಯಲ್ಲಿ ಅಂಕದ ಹಾಳೆ ಹಿಡಿದು ನಮ್ಮಂಥವರು ಒಬ್ಬೊಬ್ಬರು. ಇಲ್ಲಿ ಫಿಸಿಶಿಯನ್ ಆಗಲು ಪಾಸಾಗಬೇಕಾದ ಎಂಆರ್‌ಸಿಪಿ ಪರೀಕ್ಷೆಯ ಕೊನೇ ಹಂತವಾದ ಪೇಸಸ್ ಎಂಬ ಪ್ರಾಕ್ಟಿಕಲ್‌ಗೆ ಕಟ್ಟಿದವರು ಬಂದು ತಾಲೀಮು ಮಾಡುತ್ತಾರೆ. ಅರ್ಧಕ್ಕರ್ಧ ನಮ್ಮ ಕಡೆಯವರೇ. ಬೆಂಗಳೂರು, ಕೊಟ್ಟಾಯಂ, ಲಾಹೋರು, ಕೊಲಂಬೊ.

ಕೆಲವು ತಿಂಗಳ ಹಿಂದೆ ಕೀಲಿನ ಕೋಣೆ ನನ್ನ ಪಾಲಿಗೆ ಬಂತು. ರೋಗಿ ಎಪ್ಪತ್ತು ದಾಟಿದ ನಿವೃತ್ತ ಬಸ್ ಡ್ರೈವರ್. ಎರಡೂ ಮಂಡಿ ಸವೆದಿದ್ದವು. ಮಧ್ಯಾಹ್ನದೊಳಗೆ ಆರು ಜನ ಬಂದು ಹೋದರು. ಆರೂ ಜನ ಕೈ ತೊಳೆದರು, ಹೆಸರು ಹೇಳಿದರು, ಆಮೇಲೆ ಬಾಯಿಪಾಠದ ಹಾಗೆ ಅದೇ ಒಂದು ಮಾತು: "ನೋವಾದರೆ ಹೇಳಿ." ಹೇಳಿದ ಕೂಡಲೇ ತಲೆ ಬಗ್ಗಿಸಿ ಮಂಡಿಗೆ ಕೈ ಹಾಕಿದರು. ಮತ್ತೆ ತಲೆ ಎತ್ತಿದ್ದು ನನಗೆ ವರದಿ ಒಪ್ಪಿಸುವಾಗಲೇ. ಆ ಯಜಮಾನರು ಒಂದು ಸಲವೂ ನೋವು ಅನ್ನಲಿಲ್ಲ. ಆದರೆ ನಾಲ್ಕನೆಯವಳು ಮಂಡಿಯನ್ನು ಪೂರ್ತಿ ಮಡಿಸುವಾಗ ಅವರ ಎಡಗೈ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ನಾನು ಕೂತಿದ್ದ ಕುರ್ಚಿಗೆ ಅದು ಚೆನ್ನಾಗಿ ಕಂಡಿತು. ಅವಳಿಗೆ ಕಾಣಲಿಲ್ಲ. "ಒತ್ತಿದರೆ ನೋವಿಲ್ಲ, ಚಲನೆಯಲ್ಲೂ ನೋವಿಲ್ಲ," ಅಂತ ನನಗೆ ಹೇಳಿದಳು.

ನಾನು ಅವಳಿಗೆ ಕಡಿಮೆ ಅಂಕ ಕೊಟ್ಟೆ. ಮನೆಗೆ ಬರುವ ದಾರಿಯಲ್ಲಿ ಕಾರು ಓಡಿಸುತ್ತಾ ಸಿಟ್ಟು ಬಂತು. ಅವಳ ಮೇಲಲ್ಲ. "ನೋವಾದರೆ ಹೇಳಿ" ಅನ್ನುವ ಆ ಮಾತನ್ನು ಅವರಿಗೆಲ್ಲ ಹೇಳಿಕೊಟ್ಟದ್ದು ನಾನೇ.

ಶಾರ್ಟ್ ಕೇಸ್

ನನ್ನ ಎಂಬಿಬಿಎಸ್ ಮುಗಿದದ್ದು ಉತ್ತರ ಕರ್ನಾಟಕದ ಒಂದು ಊರಿನಲ್ಲಿ. ಫೈನಲ್ ಇಯರ್ ಸರ್ಜರಿ ಪ್ರಾಕ್ಟಿಕಲ್ ಅಂದರೆ ಏನು ಅಂತ ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬ ರೋಗಿಯನ್ನು ಪೂರ್ತಿ ನೋಡಿ ಒಪ್ಪಿಸುವ ಲಾಂಗ್ ಕೇಸ್, ಸ್ವಲ್ಪ ಹೊತ್ತಿನಲ್ಲೇ ನೋಡಿ ಹೇಳುವ ಶಾರ್ಟ್ ಕೇಸ್, ಅದರಲ್ಲೊಂದು ಮೂಳೆ ವಿಭಾಗದ್ದು. ಬಿಳಿ ಕೋಟಿನ ಜೇಬಿನಲ್ಲಿ ಅಳತೆ ಟೇಪು, ಟಾರ್ಚು, ಸುತ್ತಿಗೆ, ಕೋನ ಅಳೆಯುವ ಪ್ಲಾಸ್ಟಿಕ್ ಗೋನಿಯೋಮೀಟರು. ಯಾವ ಹಾಸಿಗೆಗೆ ಯಾವ ಕೇಸು ಬಂದಿದೆ ಅಂತ ಹಿಂದಿನ ರಾತ್ರಿಯೇ ಹಾಸ್ಟೆಲಿನಲ್ಲಿ ಗುಸುಗುಸು. ವರ್ಷ ವರ್ಷ ಪರೀಕ್ಷೆಗೆ ಬಂದು ಪಳಗಿದ ರೋಗಿಗಳೂ ಇರುತ್ತಿದ್ದರು. ನಾವು ಹೊಟ್ಟೆ ಮೇಲೆ ಕೈ ಇಡುವ ಮೊದಲೇ, "ಸ್ಪ್ಲೀನ್ ಎಡಕ್ಕ ಐತ್ರೀ ಡಾಕ್ಟ್ರ, ಮೂರು ಬೆರಳು" ಅಂತ ಪಿಸುಗುಟ್ಟಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು.

ನನಗೆ ಬಂದ ಅಜ್ಜಿ ಪಳಗಿದವರಲ್ಲ. ಹಳ್ಳಿಯಿಂದ ಬಂದವರು, ಮಂಡಿನೋವಿಗೆ ಅಂತ ತೋರಿಸಲು ಬಂದಾಗ, "ಎರಡು ದಿನ ಇದ್ದು ಹೋಗ್ರಿ, ಪರೀಕ್ಷೆ ಐತಿ" ಅಂತ ಯಾರೋ ಉಳಿಸಿಕೊಂಡಿದ್ದರು. ಬಸ್ ಚಾರ್ಜು ಮತ್ತು ಊಟದ ಮಾತಾಗಿತ್ತು. ಕಬ್ಬಿಣದ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಎರಡೂ ಕಾಲು ಹೋಲಿಸಿ ನೋಡಬೇಕು ಅನ್ನುವುದು ಪಾಠ. ಅದಕ್ಕೆ ಸೀರೆ ತೊಡೆಯ ತನಕ ಮೇಲೆ ಸರಿಸಬೇಕು. ಆ ವಾರ್ಡಿನಲ್ಲಿ ಪರದೆ ಇರಲಿಲ್ಲ. ಪಕ್ಕದ ಹಾಸಿಗೆಗಳ ಸುತ್ತ ನನ್ನ ಬ್ಯಾಚಿನ ಹುಡುಗರು ನಿಂತಿದ್ದರು. ಅಜ್ಜಿ ಸೀರೆಯನ್ನು ಮಂಡಿಯ ಮೇಲಕ್ಕೆ ಒಂದು ಗೇಣು ಎತ್ತಿ ಅಲ್ಲೇ ಮುಷ್ಟಿಯಲ್ಲಿ ಹಿಡಿದುಕೊಂಡರು. ನಾನು ಅಷ್ಟರಲ್ಲೇ ಸುಧಾರಿಸಿದೆ. ಅದು ನಾಚಿಕೆ ಅರ್ಥವಾಗಿ ಬಿಟ್ಟಿದ್ದಲ್ಲ. ನನಗೆ ಟೈಮಿರಲಿಲ್ಲ, ಅಷ್ಟೇ.

ಕಾಲು ಬಿಲ್ಲಿನ ಹಾಗೆ ಹೊರಗೆ ಬಾಗಿತ್ತು. ತೊಡೆಯ ಮುಂದಿನ ಸ್ನಾಯು ಕರಗಿತ್ತು, ಟೇಪು ಹಿಡಿದು ಅಳೆದೆ. ಅಂಗೈ ಹಿಂಭಾಗದಿಂದ ಬಿಸಿ ನೋಡಿದೆ. ಚಿಪ್ಪನ್ನು ಒತ್ತಿ ನೀರು ತುಂಬಿದೆಯಾ ನೋಡಿದೆ. ಮಡಿಸುವಾಗ ಮೇಲಿಟ್ಟ ಅಂಗೈಗೆ ಒಳಗೆ ಮರಳು ಉಜ್ಜಿದ ಹಾಗೆ ಕರಕರ ತಾಗಿತು. ಸವೆದ ಮಂಡಿ, ಪುಸ್ತಕದಲ್ಲಿರುವ ಹಾಗೇ. ಇನ್ನು ಉಳಿದದ್ದು ಒಳಬದಿಯ ಕೀಲಿನ ಗೆರೆ. ಇಂಥ ಮಂಡಿಯಲ್ಲಿ ಅಲ್ಲಿ ಒತ್ತಿದರೆ ನೋವಾಗಬೇಕು. ಹೆಬ್ಬೆರಳಿಟ್ಟು ಕೇಳಿದೆ, "ನೋವಾದ್ರೆ ಹೇಳಿ ಅಜ್ಜಿ." ಅವರು, "ಒತ್ತವ್ವಾ, ಎಷ್ಟ್ ಬೇಕಾದ್ರೂ ಒತ್ತು, ನಂಗೇನೂ ಆಗಂಗಿಲ್ಲ," ಅಂದರು. ಒತ್ತಿದೆ. ಏನೂ ಅನ್ನಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಸೀರೆ ಹಿಡಿದಿದ್ದ ಮುಷ್ಟಿ ಬಿಳಿಚಿಕೊಂಡಿತು. ಕಂಡಿತು ನನಗೆ. ಕಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಾಯಿಂದ ಬಂದ ಉತ್ತರ ಮಾತ್ರ ಬರೆದುಕೊಂಡೆ: ನೋವಿಲ್ಲ.

ಹೊರಗಿನಿಂದ ಬಂದ ಎಕ್ಸಾಮಿನರ್ ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಸುಮ್ನೆ ಬಂದು ಅದೇ ಜಾಗದಲ್ಲಿ ಒಂದು ಬೆರಳು ಇಟ್ಟರು. ಅಜ್ಜಿ "ಯಪ್ಪಾ" ಅಂತ ಕಾಲು ಹಿಂದಕ್ಕೆಳೆದುಕೊಂಡರು. ಎಕ್ಸಾಮಿನರ್ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಬೆನ್ನ ಮೇಲಿದೆ.

ಪಾಸಾದೆ, ಹೇಗೋ. ಮಧ್ಯಾಹ್ನ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಕಾರಿಡಾರಿನ ಕಟ್ಟೆ ಮೇಲೆ ಕೂತು ಚಹಾದಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದರು. ನಾನು ಒತ್ತಿದಾಗ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಮುನಿಸಿಕೊಂಡೇ ಕೇಳಿದೆ.

"ಬ್ಯಾನಿ ಆಗಿತ್ತವ್ವಾ. ನಾ ಚೀರಿದ್ರ ನಿಂಗ ಫೇಲ್ ಮಾಡ್ತಾರಂತ ಬಾಯಿ ಮುಚ್ಕೊಂಡೆ."

"ಮತ್ತೆ ಆ ಸರ್ ಒತ್ತಿದಾಗ?"

"ಅವ್ರು ಪಾಸಾದವ್ರ ಅಲ್ಲೇನು?"

ನೋಡು, ಮುಟ್ಟು, ಆಡಿಸು

ಕೀಲಿನ ಪರೀಕ್ಷೆಗೆ ಎಲ್ಲ ಕಡೆಯೂ ಒಂದೇ ಮಂತ್ರ. ನೋಡು, ಮುಟ್ಟು, ಆಡಿಸು. ಬ್ರಿಟನ್ನಿನ ಮೂಳೆ ಸರ್ಜನ್ ಆ್ಯಲನ್ ಆ್ಯಪ್ಲಿ ಈ ಸಾಲನ್ನು ಎಷ್ಟು ತಲೆಮಾರುಗಳ ಬಾಯಿಗೆ ಹಾಕಿದರೋ ಲೆಕ್ಕವಿಲ್ಲ. ಕಲಿಯುವಾಗ ಇದು ನೆನಪಿಟ್ಟುಕೊಳ್ಳುವ ಉಪಾಯ ಅಂತ ಮಾತ್ರ ಅಂದುಕೊಂಡಿದ್ದೆ. ಕಲಿಸುವಾಗ ಗೊತ್ತಾಯಿತು, ಈ ಕ್ರಮದ ಒಳಗೇ ಒಂದು ಕಾಳಜಿ ಕೂತಿದೆ. ಕಣ್ಣಿನಿಂದ ನೋಡಿದರೆ ಯಾರಿಗೂ ನೋವಾಗುವುದಿಲ್ಲ, ಅದಕ್ಕೇ ಅದು ಮೊದಲು. ಆಡಿಸುವುದರಲ್ಲೂ ಎರಡು ಹಂತವಿದೆ. ಮೊದಲು ರೋಗಿ ತಾನೇ ಕೈಯೋ ಕಾಲೋ ಎತ್ತಬೇಕು, ಆಮೇಲೆ ಡಾಕ್ಟರು. ಯಾಕೆಂದರೆ ರೋಗಿ ತನಗೆ ನೋವಾಗುವ ಜಾಗಕ್ಕೆ ಬಂದು ತಾನೇ ನಿಲ್ಲಿಸುತ್ತಾನೆ. ಅಲ್ಲಿಂದ ಮುಂದೆ ಹೋಗುವವರು ಆ ಜಾಗವನ್ನು ಮೊದಲೇ ಕಂಡಿರಬೇಕು. ಗಡಿಯಾರ ಓಡುವಾಗ ಹುಡುಗರು ಮೊದಲು ಹಾರಿಸುವುದು ಈ ಹಂತವನ್ನೇ.

ಸೊಂಟದ ಕೀಲಿನ ಥಾಮಸ್ ಟೆಸ್ಟ್ ನನಗೆ ಅಚ್ಚುಮೆಚ್ಚು. ಕೆಟ್ಟ ಕಾಲನ್ನು ಅದರಲ್ಲಿ ಮುಟ್ಟುವುದೇ ಇಲ್ಲ. ಮಲಗಿದ ರೋಗಿಯ ಒಳ್ಳೆಯ ಕಾಲನ್ನು ಎದೆಯ ಕಡೆಗೆ ಮಡಿಸಿದರೆ ಸೊಂಟದ ಹಿಂದಿನ ಕಮಾನು ಚಪ್ಪಟೆಯಾಗುತ್ತದೆ. ಆಗ ಬಿಗಿದ ಕೆಟ್ಟ ತೊಡೆ ತಾನಾಗಿಯೇ ಹಾಸಿಗೆಯಿಂದ ಮೇಲೇಳುತ್ತದೆ, ಗುಟ್ಟು ರಟ್ಟಾಗುತ್ತದೆ. ಇದನ್ನು ಕೊಟ್ಟ ಹ್ಯೂ ಓವನ್ ಥಾಮಸ್ (1834–1891) ವೇಲ್ಸಿನ ಆ್ಯಂಗಲ್‌ಸಿ ದ್ವೀಪದಲ್ಲಿ ಹುಟ್ಟಿ ಲಿವರ್‌ಪೂಲಿನಲ್ಲಿ ಡಾಕ್ಟರಿಕೆ ಮಾಡಿದವರು. ಅವರ ಮನೆತನವೇ ಮೂಳೆ ಕೂರಿಸುವವರದು. ಅಪ್ಪ ಡಿಗ್ರಿಯಿಲ್ಲದ ನಾಟಿ ವೈದ್ಯ. ಅಂದರೆ ನಮ್ಮ ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ಬರೆದಿರುತ್ತಲ್ಲ, ಪುತ್ತೂರು ಕಟ್ಟು ಅಂತ, ಆ ಕುಲದವರು. ಪುತ್ತೂರು ಕಟ್ಟು ಕಟ್ಟಿಸಿಕೊಂಡು ಮೂಳೆ ಸೊಟ್ಟಗೆ ಕೂಡಿ ಬಂದವರನ್ನು ನಾನೇ ಎಷ್ಟೋ ನೋಡಿದ್ದೇನೆ, ಆ ಬಗ್ಗೆ ಒಳ್ಳೆಯ ಮಾತಾಡಲಾರೆ. ಆದರೂ ಕೈಗೆ ಅಭ್ಯಾಸವಾದ ನಾಜೂಕು ಅಪ್ಪನಿಂದ ಮಗನಿಗೆ ಬಂದಿರಬಹುದು ಅಂತ ನನಗನ್ನಿಸುತ್ತದೆ.

ನಟನ ನೋವು

ಇಲ್ಲಿಗೆ ಬರುವ ಭಾರತದ ಡಾಕ್ಟರುಗಳು ಸಾಮಾನ್ಯವಾಗಿ ಮ್ಯಾಂಚೆಸ್ಟರಿನಲ್ಲಿ ಪ್ಲ್ಯಾಬ್, ಅಂದರೆ ಹೊರದೇಶದ ಡಾಕ್ಟರುಗಳು ಇಲ್ಲಿ ಕೆಲಸ ಮಾಡಲು ಪಾಸಾಗಬೇಕಾದ ಪರೀಕ್ಷೆ, ಅದರ ಎರಡನೇ ಭಾಗ ಬರೆದು ಬಂದವರು. ಬರೆಯುವುದು ಅಂತ ಬಾಯಿಗೆ ಬರುತ್ತದೆ, ಬರೆಯುವುದೇನೂ ಇಲ್ಲ. ಬೆಲ್ ಆದ ಹಾಗೆ ಕೋಣೆಯಿಂದ ಕೋಣೆಗೆ ಹೋಗುವುದು. ಈ ಬಗೆಯ ಪರೀಕ್ಷೆಯನ್ನು 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಜೊತೆಯವರು ಬರೆದು ಮುಂದಿಟ್ಟರು. ಒಬ್ಬ ವಿದ್ಯಾರ್ಥಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಕಷ್ಟದ ರೋಗಿ, ಒಬ್ಬ ಎಕ್ಸಾಮಿನರ್ ಧಾರಾಳಿ, ಇನ್ನೊಬ್ಬ ಸಿಡುಕ. ಈ ಅದೃಷ್ಟದ ಆಟ ತಪ್ಪಲಿ ಅನ್ನುವುದು ಉದ್ದೇಶ. ಒಳ್ಳೆಯದೇ. ಶಾರ್ಟ್ ಕೇಸಿನ ಲಾಟರಿ ಕಂಡ ನಾನು ಅದನ್ನು ಬೈಯಲಾರೆ.

ನನ್ನ ಪ್ಲ್ಯಾಬ್‌ನಲ್ಲಿ ಮಂಡಿ ನೋಡಬೇಕಿದ್ದ ರೋಗಿ ಒಬ್ಬ ನಟ. ಇಪ್ಪತ್ತೈದರ ಹುಡುಗ, ಫುಟ್‌ಬಾಲ್ ಆಡುವವನ ತೊಡೆ. ಒಳಬದಿಯ ಗೆರೆಗೆ ಬೆರಳು ತಾಗಿಸಿದೆನೋ ಇಲ್ಲವೋ, "ಆಹ್" ಅಂತ ಮುಖ ಕಿವುಚಿದ. ನಾನು ಕ್ಷಮೆ ಕೇಳಿದೆ. ಅವನು ಪರವಾಗಿಲ್ಲ ಅಂದ. ಎಲ್ಲ ಎಷ್ಟು ಸಲೀಸಾಗಿ ಮುಗಿಯಿತೆಂದರೆ ಹೊರಗೆ ಬಂದಾಗ ನನಗೆ ಅಜ್ಜಿಯ ಬಿಳಿಚಿದ ಮುಷ್ಟಿ ನೆನಪಾಯಿತು. ನಟನ ನೋವು ಕೂಗಿ ಹೇಳುತ್ತದೆ. ಊದಿದ ಕೀಲನ್ನು ಮಾತ್ರ ಯಾವ ನಟನೂ ಆಡಿ ತೋರಿಸಲಾರ. ಅದಕ್ಕೇ ಪೇಸಸ್‌ನಂಥ ಪರೀಕ್ಷೆಗಳಿಗೆ ಇವತ್ತಿಗೂ ನಿಜವಾದ ರೋಗಿಗಳು ಬೇಕು.

ಪೇಸಸ್‌ನಲ್ಲಿ ಏಳು ಕೌಶಲಗಳಿಗೆ ಅಂಕ. ಪರೀಕ್ಷೆ ಮಾಡುವ ರೀತಿ, ಚಿಹ್ನೆ ಗುರುತಿಸುವುದು, ಮಾತು, ರೋಗದ ಊಹೆ, ಹೀಗೆ ಹೋಗಿ ಕೊನೆಯದು ರೋಗಿಯ ಕ್ಷೇಮ. ಏಳರಲ್ಲಿ ಯಾವುದರಲ್ಲಿ ಕನಿಷ್ಠ ಅಂಕ ಬರದಿದ್ದರೂ ಪೂರ್ತಿ ಫೇಲು, ಉಳಿದ ಆರರಲ್ಲಿ ಸರಸ್ವತಿಯೇ ಒಲಿದಿದ್ದರೂ. ನಾನು ಮೊದಲ ಸಲ ಬಿದ್ದದ್ದು ಆ ಏಳನೆಯದರಲ್ಲೇ. ಒಂದು ಕಡೆ ರೋಗಿಯ ಎದೆ ಮುಚ್ಚದೆ ಎದ್ದು ಬಂದಿದ್ದೆ. ಇನ್ನೊಂದು ಕಡೆ ಭುಜನೋವಿನ ಮುದುಕರು. ತಾವೇ ಕೈ ಎತ್ತಿ ಅರ್ಧಕ್ಕೆ ನಿಲ್ಲಿಸಿದರು. ನಾನು ಹಿಡಿದು ಇನ್ನೂ ಮೇಲೆತ್ತಿದೆ. ಅವರು, "ಆಲ್ ರೈಟ್, ಆಲ್ ರೈಟ್," ಅಂದರು. ಸರಿ ಅಂದರಲ್ಲ ಅಂತ ನಾನು ಇನ್ನೂ ಎತ್ತಿದೆ! ಈ ದೇಶದವರು ನೋವಾದಾಗಲೂ ಆಲ್ ರೈಟ್ ಅನ್ನುತ್ತಾರೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಭಾಷೆ ಬೇರೆ, ಹಲ್ಲು ಕಚ್ಚುವುದು ಅದೇ. ಫಲಿತಾಂಶದ ಹಾಳೆಯಲ್ಲಿ ಒಂದೇ ಸಾಲಿತ್ತು. ರೋಗಿಗೆ ನೋವುಂಟುಮಾಡಿದರು.

ಆ ಹಾಳೆ ಓದಿ ಅತ್ತೆ. ಸುಳ್ಳು ಯಾಕೆ, ಬೈದೆ ಕೂಡ. ಎಂಟು ನಿಮಿಷದಲ್ಲಿ ಕೇಳಬೇಕು, ನೋಡಬೇಕು, ಸಮಾಧಾನ ಹೇಳಬೇಕು, ಇದರ ಮಧ್ಯೆ ಯಾವ ಮುಖ ನೋಡೋದು?

ದಿಂಬಿನ ಮೇಲಿನ ಕೈಗಳು

ಎರಡನೇ ಸಲ ಇನ್ನೊಂದು ಊರಿನ ಆಸ್ಪತ್ರೆ. ಆಗಿನ್ನೂ ಹಳೆಯ ಕ್ರಮವಿತ್ತು. ಐದನೇ ಸ್ಟೇಷನ್ನಿನಲ್ಲಿ, ಅಂದರೆ ಪರೀಕ್ಷೆಯ ಐದನೇ ಹಂತದಲ್ಲಿ, ಇಬ್ಬರು ರೋಗಿಗಳು, ಒಬ್ಬೊಬ್ಬರಿಗೆ ಹತ್ತು ನಿಮಿಷ, ಅದರಲ್ಲಿ ಎಂಟು ನಿಮಿಷ ರೋಗಿಯ ಜೊತೆ, ಎರಡು ನಿಮಿಷ ಎಕ್ಸಾಮಿನರುಗಳಿಗೆ. 2023ರಲ್ಲಿ ಇದನ್ನು ಬದಲಾಯಿಸಿದ್ದಾರೆ. ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ "ಈ ಮಹಿಳೆಗೆ ಕೈನೋವು, ಕೆಲಸ ಮಾಡಲು ಕಷ್ಟವಾಗುತ್ತಿದೆ" ಅಂತಿತ್ತು. ಒಳಗೆ ಅರವತ್ತೈದರ ಆಸುಪಾಸಿನ ಹೆಂಗಸು. ಮಡಿಲಲ್ಲಿ ದಿಂಬು, ಅದರ ಮೇಲೆ ಎರಡು ಕೈ.

ಕೋಣೆಗೆ ಹೋಗಿ ಹೆಸರು ಹೇಳಿ ಕೈಕುಲುಕುವುದು ಅಭ್ಯಾಸ. ನನ್ನ ಬಲಗೈ ಆಗಲೇ ಅರ್ಧ ಚಾಚಿತ್ತು. ಅವರ ಕೈ ದಿಂಬಿನಿಂದ ಮೇಲೇಳಲಿಲ್ಲ. ಒಂದಿಷ್ಟು ಹಿಂದಕ್ಕೆ ಸರಿಯಿತು, ಒಂದು ಅಂಗುಲ ಇರಬಹುದು. ನಾನು ಚಾಚಿದ ಕೈಯನ್ನು ಏನು ಮಾಡುವುದು ಗೊತ್ತಾಗದೆ ಎದೆಗೆ ತಂದು ಇನ್ನೊಂದು ಕೈ ಸೇರಿಸಿಬಿಟ್ಟೆ. ನಮಸ್ಕಾರ! ಇಂಗ್ಲೆಂಡಿನಲ್ಲಿ, ಇಬ್ಬರು ಎಕ್ಸಾಮಿನರುಗಳ ಎದುರು. ಆಕೆ ನಕ್ಕರು. "ಇದು ಒಳ್ಳೇದಾಯ್ತು ನೋಡು. ಬೆಳಿಗ್ಗೆಯಿಂದ ಮೂರು ಜನ ಕುಲುಕಿದ್ದಾರೆ," ಅಂದರು.

ಒಂದು ಸುತ್ತಿಗೆ ಐದು ಜನ ಅಭ್ಯರ್ಥಿಗಳು. ಅದಕ್ಕೂ ಮೊದಲು, ಯಾವ ಚಿಹ್ನೆ ಇದೆ ಯಾವುದು ಇಲ್ಲ ಅಂತ ತಮ್ಮಲ್ಲೇ ಒಪ್ಪಿಕೊಳ್ಳಲು ಎಕ್ಸಾಮಿನರುಗಳೂ ಬಂದು ನೋಡಿರುತ್ತಾರೆ. ನನಗಿದು ಗೊತ್ತಿತ್ತು, ಆದರೆ ಆ ಲೆಕ್ಕವನ್ನು ಕೈಗಳ ಕಡೆಯಿಂದ ಎಂದೂ ಮಾಡಿರಲಿಲ್ಲ. ಯಾವ ಬೆರಳು ಜಾಸ್ತಿ ನೋಯುತ್ತದೆ ಅಂತ ಕೇಳಿದೆ. ಬಲಗೈ ಹೆಬ್ಬೆರಳು ಅಂದರು. ಅದನ್ನು ಕೊನೆಗೆ ನೋಡುತ್ತೇನೆ, ಅಲ್ಲಿಯತನಕ ಮುಟ್ಟುವುದಿಲ್ಲ ಅಂದೆ. ಆಮೇಲೆ ಸುಮ್ಮನೆ ನೋಡುತ್ತಾ ಕೂತೆ. ಪರೀಕ್ಷೆಯಲ್ಲಿ ಅರ್ಧ ನಿಮಿಷ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಆ ಕೋಣೆಯಲ್ಲಿ ಕೂತವರೇ ಹೇಳಬೇಕು. ಬೆರಳುಗಳೆಲ್ಲ ಕಿರುಬೆರಳಿನ ಕಡೆ ವಾಲಿದ್ದವು, ಗಾಳಿಗೆ ಮಲಗಿದ ಪೈರಿನ ಹಾಗೆ. ಬೆರಳ ಬುಡದ ಗೆಣ್ಣುಗಳು ಊದಿ ಅವುಗಳ ನಡುವಿನ ಹಳ್ಳ ತುಂಬಿಹೋಗಿತ್ತು. ರುಮಟಾಯ್ಡ್ ಆರ್ಥ್ರೈಟಿಸ್, ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರೋಗ. ಇಂಥ ಕೈಗಳು ಈಗ ಅಪರೂಪ. ಮೆಥೋಟ್ರೆಕ್ಸೇಟ್ ಮಾತ್ರೆ ಬೇಗ ಶುರು ಮಾಡುತ್ತಾರೆ, ಬಯಾಲಜಿಕ್ ಔಷಧಿಗಳು ಬಂದಿವೆ, ಕೀಲು ಸೊಟ್ಟಗಾಗುವ ಮೊದಲೇ ರೋಗ ಹತೋಟಿಗೆ ಬರುತ್ತದೆ. ಪರೀಕ್ಷೆ ನಡೆಸುವವರಿಗೆ ರೋಗಿ ಸಿಗುವುದಿಲ್ಲ ಅನ್ನುವ ಗೋಳು ಬೇರೆ. ಇಂಥ ಗೋಳು ಇನ್ನಷ್ಟು ಹೆಚ್ಚಲಿ.

ಗೆಣ್ಣುಗಳ ಸಾಲನ್ನು ಎರಡು ಕಡೆಯಿಂದ ಮೆಲ್ಲಗೆ ಅಮುಕಿ ನೋಡುವ ಒಂದು ಕ್ರಮವಿದೆ. ಅಮುಕುವಾಗ ನಾನು ಕೈ ನೋಡಲಿಲ್ಲ, ಅವರ ಕಣ್ಣು ನೋಡಿದೆ. ಕಣ್ಣಿನ ಕೆಳಗೆ ಒಂದು ಸಣ್ಣ ನರ ಅದುರಿತು. ಬಿಟ್ಟುಬಿಟ್ಟೆ. "ಅಲ್ಲಿ ನೋವಿದೆ, ಅಲ್ವಾ?" ಅಂದೆ. "ಹೂಂ," ಅಂದರು. ಹೇಳಬೇಕಾದ ಕೆಲಸ ಅವರಿಗೆ ಉಳಿಯಲೇ ಇಲ್ಲ.

ಏನು ಚಿಂತೆ ಕಾಡುತ್ತಿದೆ ಅಂತ ಕೇಳಬೇಕು, ಅದಕ್ಕೂ ಅಂಕವಿದೆ. ನಾನು ಏನೇನೋ ನಿರೀಕ್ಷಿಸಿದ್ದೆ. ಅವರು ಹೇಳಿದ್ದು, ಮಾತ್ರೆ ಡಬ್ಬಿಯ ಮುಚ್ಚಳ ತೆಗೆಯಲು ಆಗುವುದಿಲ್ಲ ಅಂತ. ಮಕ್ಕಳು ತೆರೆಯಬಾರದೆಂದು ಒತ್ತಿ ತಿರುಗಿಸುವ ಮುಚ್ಚಳ. ಕೈನೋವಿನ ಮಾತ್ರೆ, ಕೈನೋವಿನವರು ತೆರೆಯಲಾಗದ ಡಬ್ಬಿಯಲ್ಲಿ. ಪಕ್ಕದ ಮನೆಯವರು ಭಾನುವಾರ ಬಂದು ತೆಗೆದುಕೊಡುತ್ತಾರಂತೆ, ಮೆಥೋಟ್ರೆಕ್ಸೇಟ್ ವಾರಕ್ಕೊಂದೇ ದಿನದ ಮಾತ್ರೆ ತಾನೇ. ಕೇಳಿದರೆ ಫಾರ್ಮಸಿಯವರು ಸುಲಭದ ಮುಚ್ಚಳ ಹಾಕಿಕೊಡುತ್ತಾರೆ ಅಂದೆ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲವಂತೆ. ಹಿಂದೆ ಕೂತ ಎಕ್ಸಾಮಿನರ್ ಒಬ್ಬರು ಪೆನ್ನು ಎತ್ತಿ ಏನೋ ಗೀಚಿದ ಸದ್ದು ಕೇಳಿತು.

ಮೂರು ಪ್ರಶ್ನೆ

ಮುಚ್ಚಳದ ಮಾತು ಬಂದದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಕೀಲುಗಳನ್ನು ಬೇಗ ಜಾಲಿಸಿ ನೋಡಲು 1992ರಲ್ಲಿ ಇಲ್ಲಿನ ರುಮಟಾಲಜಿ, ಅಂದರೆ ಕೀಲುರೋಗದ, ಡಾಕ್ಟರುಗಳು ಗ್ಯಾಲ್ಸ್ ಅಂತ ಒಂದು ಕ್ರಮ ತಂದರು. ನಡಿಗೆ, ಕೈ, ಕಾಲು, ಬೆನ್ನು. ಅದರ ಮೊದಲಿಗೆ ಮೂರು ಪ್ರಶ್ನೆ. ಎಲ್ಲಾದರೂ ನೋವು ಬಿಗಿತ ಇದೆಯೇ? ಬಟ್ಟೆ ಪೂರ್ತಿ ನೀವೇ ಹಾಕಿಕೊಳ್ಳುತ್ತೀರಾ? ಮೆಟ್ಟಿಲು ಹತ್ತಿ ಇಳಿಯುತ್ತೀರಾ? ಚೆಂದದ ಪ್ರಶ್ನೆಗಳು, ಆದರೆ ಈ ಊರಿನವು. ಮೆಟ್ಟಿಲು ಹತ್ತಲು ಮಂಡಿ ಸುಮಾರು 90 ಡಿಗ್ರಿ ಮಡಿಚಿದರೆ ಸಾಕು. ಕುಕ್ಕರುಗಾಲಲ್ಲಿ ಕೂರಲು 120ಕ್ಕಿಂತ ಜಾಸ್ತಿ ಬೇಕು. ಆ ಅಜ್ಜಿಯ ಹಳ್ಳಿಮನೆಯಲ್ಲಿ ಮೆಟ್ಟಿಲೇ ಇರಲಿಲ್ಲವೋ ಏನೋ. ಸೀರೆಗೆ ಗುಂಡಿಯೂ ಇಲ್ಲ. ನೋವಿನದು ಬಿಟ್ಟು ಉಳಿದೆರಡಕ್ಕೂ ಸರಿಯಾದ ಉತ್ತರ ಕೊಟ್ಟು ಪಾಸಾಗಿಬಿಡುತ್ತಿದ್ದರು. ಚಹಾ ಕುಡಿಯುತ್ತಾ ಅವರು ನನಗೆ ಹೇಳಿದ್ದೇ ಬೇರೆ: "ಒಲಿ ಮುಂದ ಕುಂದ್ರಾಕ ಆಗವಲ್ದು. ಸೊಸಿ ರೊಟ್ಟಿ ಬಡೀತಾಳ, ನಾ ನಿಂತ್ ನೋಡ್ತೀನಿ." ನನ್ನ ಕೇಸ್ ಶೀಟಿನಲ್ಲಿ ಗೋನಿಯೋಮೀಟರಿನ ಅಂಕಿ ಇತ್ತು, ರೊಟ್ಟಿ ಇರಲಿಲ್ಲ.

ಈಗ ಮಾಕ್ ಪರೀಕ್ಷೆಗೆ ಬರುವವರಿಗೆ "ನೋವಾದರೆ ಹೇಳಿ" ಅನ್ನಬೇಡಿ ಅಂತ ಹೇಳಲಾರೆ. ಅಂಕದ ಹಾಳೆ ಅದನ್ನು ಕೇಳುತ್ತದೆ. ಬದಲಿಗೆ ಒಂದು ಹೊಸ ಆಟ ಶುರು ಮಾಡಿದ್ದೇನೆ. ಪರೀಕ್ಷೆ ಮುಗಿದ ಮೇಲೆ ರೋಗಿಗೆ ಬೆನ್ನು ಹಾಕಿ ನಿಲ್ಲಿಸಿ ಕೇಳುತ್ತೇನೆ: ನೀನು ಮಂಡಿ ಮಡಿಸುವಾಗ ಅವರ ಇನ್ನೊಂದು ಕೈ ಎಲ್ಲಿತ್ತು? ಮೊದಮೊದಲು ಒಬ್ಬರಿಗೂ ಗೊತ್ತಿರುವುದಿಲ್ಲ. ಬಸ್ ಡ್ರೈವರಿಗೆ ಈ ಆಟ ಬಲು ಇಷ್ಟವಾಗಿದೆ, ಬೇಕೆಂದೇ ಕೈಯನ್ನು ಜೇಬಿನಲ್ಲಿಟ್ಟು ಮೋಸ ಮಾಡುತ್ತಾರೆ.

ಮೊನ್ನೆ ರಜೆಗೆ ಶಿವಮೊಗ್ಗಕ್ಕೆ ಹೋದಾಗ ಅಮ್ಮ ಮೆಟ್ಟಿಲ ಬಳಿ ಗೋಡೆ ಹಿಡಿದು ನಿಲ್ಲುವುದು ನೋಡಿದೆ. ಒತ್ತಾಯ ಮಾಡಿ ದಿವಾನದ ಮೇಲೆ ಕೂರಿಸಿದೆ. ಏನಿಲ್ಲ ಕಣೇ, ವಯಸ್ಸಾಯ್ತು, ಬಿಡೇ ಅನ್ನುತ್ತಲೇ ಕಾಲು ಚಾಚಿದರು. ಮಡಿಸಿದೆ. ಮರಳು ಉಜ್ಜಿದ ಅದೇ ಕರಕರ. ಮುಖ ನೋಡಿದೆ. ಅಮ್ಮ ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದರು, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕೆಳಗೆ ನೋಡಿದರೆ ಆ ಕಾಲಿನ ಹೆಬ್ಬೆರಳು ಮಡಿಚಿ ದಿವಾನದ ಹೊದಿಕೆಯನ್ನು ಕಚ್ಚಿ ಹಿಡಿದಿತ್ತು. ನಾನು ನಿಲ್ಲಿಸಿದೆ.

"ಆಯ್ತೇನೇ ನಿನ್ನ ಪರೀಕ್ಷೆ?" ಅಂದರು ಅಮ್ಮ. "ಆಗಿದ್ರೆ ಕೈ ಕೊಡು, ಏಳ್ಬೇಕು. ಒಲೆ ಮೇಲೆ ಹಾಲಿಟ್ಟಿದೀನಿ."